ಕಾರಿನ ಬಾಯಿ ಮುಚ್ಚಿಸಿದ್ದ ಕ್ಲಿಪ್ಪು

ಪುಟ್ಟೀ,

ಅತ್ತೆ ಮನೆಗೆ ಹೋಗುತ್ತಿದ್ದೇನೆ. ಮಾವನನ್ನು ಮಧ್ಯಾಹ್ನ ಮಣ್ಣು ಮಾಡುತ್ತಾರೆ, ಅಷ್ಟರೊಳಗೆ ಬಾ. ಕಾರಿನ ಕೀ ಟಿ.ವಿ. ಪಕ್ಕದಲ್ಲಿದೆ.

ಕಾರು ಹೊರಟ ಕೂಡಲೇ ಕೂಗಿಕೊಳ್ಳುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡ. ಸೀಟ್ ಬೆಲ್ಟ್ ಹಾಕದಿದ್ದರೂ ಸುಮ್ಮನಿರಲಿ ಎಂದು ನಾನು ಸಿಕ್ಕಿಸಿದ್ದ ಕ್ಲಿಪ್ಪನ್ನು ಬೆಳಿಗ್ಗೆ ಕಿತ್ತುಹಾಕಿದೆ. ಬಟ್ಟೆ ಸುಕ್ಕಾಗುತ್ತದೆ ಎಂದು ರಾಗ ಎಳೆಯದೆ ಬೆಲ್ಟ್ ಹಾಕಿಕೋ.

ನಿನ್ನೆ ಮಾವನ ಕಾರನ್ನು ಎಳೆದು ತರಲು ಗ್ಯಾರೇಜಿನಿಂದ ಹೋದವನು ನಾನೇ. ಮುಂಭಾಗ ಅಷ್ಟೇನೂ ಜಜ್ಜಿಹೋಗಿರಲಿಲ್ಲ. ಗಾಜು ಮಾತ್ರ ಒಳಗಿನಿಂದ ಒಡೆದಿತ್ತು. ಬೆಲ್ಟ್ ಹೊಸದರ ಹಾಗೆ ಸುತ್ತಿಕೊಂಡು ಕೂತಿತ್ತು. ಅದನ್ನು ಸಿಕ್ಕಿಸಬೇಕಾದ ಜಾಗದಲ್ಲಿ, ಹೋದ ವರ್ಷ ಹಳೇ ಕಾರೊಂದರ ಬೆಲ್ಟಿನಿಂದ ಕತ್ತರಿಸಿ ನಾನು ಕೊಟ್ಟಿದ್ದ ಕ್ಲಿಪ್ಪು. "ತಗೊಳ್ಳಿ ಭಾವ, ಇನ್ನು ಪೀಂ ಪೀಂ ಅನ್ನಲ್ಲ" ಅಂದಿದ್ದೆ. ದೊಡ್ಡ ಉಪಕಾರ ಮಾಡಿದವನ ಹಾಗೆ.

ರಾತ್ರಿ ಅತ್ತೆ ಫೋನಿನಲ್ಲಿ ಕೇಳಿದಳು, "ಅಣ್ಣಾ, ಅವ್ರು ಬೆಲ್ಟ್ ಹಾಕಿದ್ರಾ?"

"ಹಾಕಿದ್ರು ಕಣಮ್ಮ" ಅಂದುಬಿಟ್ಟೆ.

ಮಾವನ ಕಾರಿನ ಆ ಕ್ಲಿಪ್ಪು ನನ್ನ ಜೇಬಿನಲ್ಲಿದೆ. ಇವತ್ತು ಅದನ್ನು ಅವಳ ಕೈಗೆ ಕೊಟ್ಟು ನಿಜ ಹೇಳುತ್ತೇನೆ. ಆಮೇಲೆ ಆ ಮನೆಯ ಬಾಗಿಲು ನನಗೆ ಮುಚ್ಚಬಹುದು. ನೀನು ನನ್ನ ಹಿಂದೆ ಎದ್ದು ಬರಬೇಡ. ಅವಳ ಹತ್ತಿರವೇ ಇರು.

ಅಪ್ಪ