ಹಕ್ಕಿಯಿಲ್ಲದ ಬಂದೂಕು

ಹಗರೆ
4 ನವೆಂಬರ್ 2025

ತಮ್ಮ ಮಧುಕುಮಾರನಿಗೆ,

ಪ್ರೀತಿಯ ಅಂತ ಬರೆಯಲು ಕೈ ಬರಲಿಲ್ಲ, ಅದಕ್ಕೇ ಬರೀ ಹೆಸರು. ಆರೋಗ್ಯವಾಗಿದ್ದೀಯಾ? ಸೊಂಟ ಹೇಗಿದೆ? ದೊಡ್ಡಮನೆಯವರ ಮುಂದೆ ದಿನಾ ಬಗ್ಗುತ್ತಿದ್ದೀಯಂತೆ, ನೋವು ಬಂದಿರಬಹುದು ಅಂತ ಕೇಳಿದೆ. ದಿವ್ಯಾಗೆ ಜ್ವರ ಬಿಟ್ಟಿತೇ? ಅವಳ ಮೇಲೆ ನನಗೇನೂ ಕೋಪವಿಲ್ಲ, ನಿನ್ನನ್ನು ಕಟ್ಟಿಕೊಂಡಳಲ್ಲ ಅಂತ ಕನಿಕರವಿದೆ ಅಷ್ಟೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಹಾಗಾಗಿ ಈ ಕಾಗದ.

ನಿನ್ನ ಆಹ್ವಾನಪತ್ರಿಕೆ ಬಂತು. ಬರುವ ಭಾನುವಾರ ಕಣಕಟ್ಟೆಯಲ್ಲಿ ದೊಡ್ಡಮನೆ ಧರ್ಮೇಶನ ಸಮುದಾಯ ಭವನದ ಉದ್ಘಾಟನೆ. ಅವನ ತಾತ ತಮ್ಮಯ್ಯನವರು ನಮ್ಮ ತಾತ ಕೆಂಚಯ್ಯನಿಗೆ ದಯಪಾಲಿಸಿದ ಜೋಡಿನಳಿಗೆ ಬಂದೂಕನ್ನು ನೀನು ವೇದಿಕೆಯ ಮೇಲೆ ಕೃತಜ್ಞತೆಯಿಂದ ಹಿಂದಿರುಗಿಸುತ್ತೀಯಂತೆ. ಬದಲಿಗೆ ಪಂಚಾಯಿತಿ ಚುನಾವಣೆಗೆ ನಿನಗೆ ಅವನ ಬೆಂಬಲ. ಅಲ್ಲ ಕಣೋ, ಅಪ್ಪ ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗಾಗಿದೆ, ಬಂದೂಕು ನನ್ನ ಬೀರುವಿನಲ್ಲಿದೆ. ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ?

ತನ್ನ ತಾತ ಕೊಟ್ಟ ಬಂದೂಕು ಮೇಲ್ದರ್ಜೆಯದು, ಪಕ್ಕದ ತಗಡಿನ ಮೇಲೆ ಹಾರುವ ಹಕ್ಕಿಗಳ ಕೆತ್ತನೆ ಇತ್ತು ಅಂತ ಧರ್ಮೇಶ ಹೇಳುತ್ತಾನೆ. ನಮ್ಮದರ ಮೇಲೆ ಹಕ್ಕಿಯಿಲ್ಲ. ಅದಕ್ಕೆ ನೀನು ಕೊಟ್ಟ ಸಮಜಾಯಿಷಿ ಕೇಳಿ ಮೈ ಉರಿದುಹೋಯಿತು: "ನಮ್ಮಜ್ಜಿ ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಅಳಿಸಾಕ್ಬುಟ್ಟವ್ಳೆ." ಅಜ್ಜಿ ಉಜ್ಜುತ್ತಿದ್ದದ್ದು ನಿಜ. ಆದರೆ ಇಲ್ಲದ ಹಕ್ಕಿಯನ್ನು ಸತ್ತ ಮಾರಮ್ಮಜ್ಜಿಯ ತಲೆಗೆ ಕಟ್ಟಿದೆಯಲ್ಲ, ನಾಚಿಕೆಯಾಗಲಿಲ್ಲವೇ ನಿನಗೆ?

ಹೋದ ವಾರ ಅದನ್ನು ಹಾಸನದ ಬಂದೂಕಿನ ಅಂಗಡಿಗೆ ಒಯ್ದೆ. ತಗಡಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣದಾಗಿ ಕೆತ್ತಿದ ಗೆರೆಯೊಂದಿದೆ, ಇವತ್ತಿಗೂ ಚೂಪಾಗಿದೆ. ಆ ಗೆರೆ ಉಳಿದು ಹಕ್ಕಿ ಮಾತ್ರ ಸವೆಯುವುದು ಹೇಗೆ? ಇದು ಕೆಳದರ್ಜೆಯ ಅಗ್ಗದ ಬಂದೂಕು, ಹುಟ್ಟಿದಾಗಿನಿಂದ ಬೋಳು. ಆಮೇಲೆ ಅಂಗಡಿಯವರು ನಳಿಗೆ ಬಿಚ್ಚಿ ತೋರಿಸಿದರು. ಅಡಿಯಲ್ಲಿ ಅಡ್ಡ ಹಾಕಿದ ಎರಡು ಪುಟ್ಟ ಕತ್ತಿಗಳ ಮುದ್ರೆ, ಸುತ್ತ ಅಕ್ಷರಗಳು. ವಿಲಾಯಿತಿಯಲ್ಲಿ ನಳಿಗೆಯನ್ನು ಯಾವ ವರ್ಷ ಪರೀಕ್ಷೆ ಮಾಡಿದರು ಅಂತ ಅದರಿಂದ ತಿಳಿಯುತ್ತದೆ. 1956. ತಮ್ಮಯ್ಯನವರು ತೀರಿಕೊಂಡದ್ದು 1951ರಲ್ಲಿ. ಶಾಲೆಯ ಮುಂದಿನ ಅವರ ಕಲ್ಲಿನ ಮೇಲೆ ಕೊರೆದಿದೆ, ವರ್ಷ ವರ್ಷ ಅದಕ್ಕೆ ಹಾರ ಹಾಕುವವನು ನೀನೇ.

ಅಜ್ಜಿ ಸಾಯುವ ತನಕ ಹೇಳಿದಳು, "ನಿಮ್ ತಾತ ಅರಸೀಕೆರೆ ರೈಲ್ವೇಲಿ ಗ್ಯಾಂಗ್ ಕೆಲ್ಸ ಮಾಡಿ ಕೊಂಡ್ಕಂಡ್ ಬಂದಿದ್ದು ಕಣ್ರಪ್ಪ. ಯಾರೂ ಕೊಟ್ಟಿದ್ದಲ್ಲ." ನಮ್ಮಂಥವರ ಮನೆಯಲ್ಲಿ ಬಂದೂಕಿದ್ದರೆ ಯಾರೋ ದೊಡ್ಡವರು ಕೊಟ್ಟದ್ದೇ ಇರಬೇಕು ಅಂತ ಊರು ನಕ್ಕಿತು. ಊರಿನವರ ಜೊತೆ ಸೇರಿ ನೀನೂ ನಕ್ಕು, "ಸುಮ್ಕಿರಜ್ಜಿ" ಅಂತ ಅವಳ ಬಾಯಿ ಮುಚ್ಚಿಸುತ್ತಿದ್ದೆ. ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ಒಬ್ಬ ಕೂಲಿಯವನು ಸ್ವಂತ ದುಡಿಮೆಯಲ್ಲಿ ಕೊಂಡದ್ದನ್ನು ಈಗ ಭಿಕ್ಷೆ ಅಂತ ಮೈಕಿನಲ್ಲಿ ಸಾರಲು ಹೊರಟಿದ್ದೀಯ. ನಿನ್ನನ್ನು ತಮ್ಮ ಅನ್ನಲು ನನಗೆ ಅಸಹ್ಯವಾಗುತ್ತಿದೆ.

ದಿವ್ಯಾಗೆ ನನ್ನ ಆಶೀರ್ವಾದ. ನಿನಗೆ ಭಾನುವಾರದ ನಂತರ, ಮಿಕ್ಕಿದ್ದರೆ.

ನಿನ್ನ ಅಕ್ಕ
ಮೀನಾಕ್ಷಿ

ವಿ.ಸೂ.: ಭಾನುವಾರ ನಾನು ಬರುತ್ತೇನೆ, ಬಂದೂಕು ಬರುವುದಿಲ್ಲ. ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಅದು ನಮ್ಮ ತಾತ ಕೊಂಡದ್ದು ಅಂತ ನೀನಾಗಿ ಹೇಳಿದರೆ ನಾನು ತುಟಿ ಬಿಚ್ಚುವುದಿಲ್ಲ. ಹೇಳದಿದ್ದರೆ ಎದ್ದು ನಿಂತು ಒಂದೇ ಪ್ರಶ್ನೆ ಕೇಳುತ್ತೇನೆ: ಸತ್ತು ಐದು ವರ್ಷವಾದವರು ಬಂದೂಕು ಕೊಟ್ಟದ್ದು ಹೇಗೆ? ಧರ್ಮೇಶನನ್ನಲ್ಲ, ನಿನ್ನನ್ನೇ ಕೇಳುತ್ತೇನೆ.