ಅಕ್ಕನ ಸರದಿ

ಜೂನ್ 3, ಸಂಜೆ

ಮತ್ತೆ ಅದೇ ಊಟದ ಮೇಜು, ಅದೇ ಪ್ರಶ್ನೆಗಳ ಡಬ್ಬಿ, ಅದೇ ಮರಳಿನ ಗಡಿಯಾರ. ಅಪ್ಪ ಕನ್ನಡಕದ ಅಂಗಡಿ ಮುಚ್ಚಿ ಬಂದು ಕೈಕಾಲು ತೊಳೆದರೆ ಸಾಕು, ಕ್ವಿಜ್ ಶುರು. ನನಗೊಂದು ಪ್ರಶ್ನೆ. ಗೊತ್ತಿಲ್ಲದಿದ್ದರೆ ಪಾಸ್. ಪಾಸ್ ಆದದ್ದು ಎದುರಿನ ಕುರ್ಚಿಗೆ ಹೋಗುತ್ತದೆ. ಅದು ಅಕ್ಕನ ಕುರ್ಚಿ.

ಅಪ್ಪ ಆ ಕಡೆ ತಿರುಗಿ ಪ್ರಶ್ನೆ ಇನ್ನೊಮ್ಮೆ ಓದುತ್ತಾರೆ. ಗಡಿಯಾರ ಮಗುಚಿ ಇಡುತ್ತಾರೆ. ಮರಳು ಇಳಿಯುವ ತನಕ ಎಲ್ಲರೂ ಸುಮ್ಮನಿರಬೇಕು. ಅಮ್ಮ ಕೂಡ ಹೊಲಿಗೆ ಮೆಷಿನ್ ನಿಲ್ಲಿಸುತ್ತಾಳೆ. ಆಮೇಲೆ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ, ಮುಂದಿನ ಪ್ರಶ್ನೆ.

ಅಕ್ಕ ಹೋಗಿ ವರ್ಷವಾಗುತ್ತ ಬಂತು. ಜ್ವರ ಅಂದರು, ಆಸ್ಪತ್ರೆ ಅಂದರು, ಮುಗಿದೇ ಹೋಯಿತು. ಫೈನಲ್‌ಗೆ ಒಂದೇ ವಾರವಿತ್ತು. ಪ್ರತಿಭಾವಂತ ಮಕ್ಕಳ ಅಂತರಶಾಲಾ ಕ್ವಿಜ್ ಸ್ಪರ್ಧೆ. ಈ ಸಲ ಅದಕ್ಕೆ ನಾನು. ಪ್ರತಿಭೆ ನಮ್ಮ ಮನೆಗೆ ಬಂದಿತ್ತು ನಿಜ, ಅಕ್ಕನ ಕೋಣೆ ನೋಡಿ ಹಾಗೇ ವಾಪಸ್ ಹೋಯಿತು. ಆದರೂ ನಾನೇ. ಯಾರೂ ಕೇಳಲಿಲ್ಲ. ನಾನೂ ಬೇಡ ಅನ್ನಲಿಲ್ಲ.

ಜೂನ್ 8, ಸಂಜೆ

ಇವತ್ತು ಒಂದು ಕೆಲಸ ಮಾಡಿದೆ. ಯಾಕೆ ಮಾಡಿದೆನೋ.

ಪ್ರಶ್ನೆ: ಯಾವ ಗ್ರಹದಲ್ಲಿ ಒಂದು ದಿನ ಅಲ್ಲಿನ ಒಂದು ವರ್ಷಕ್ಕಿಂತ ದೊಡ್ಡದು? ತಲೆ ಖಾಲಿ. ಪಾಸ್ ಅಂದೆ. ಅಪ್ಪ ಕುರ್ಚಿಯ ಕಡೆ ತಿರುಗಿದರು. ಮರಳು ಇಳಿಯುತ್ತಿತ್ತು. ಅಪ್ಪ ಆ ಖಾಲಿ ಕುರ್ಚಿಯನ್ನು ನೋಡುವ ನೋಟ... ಹೊಟ್ಟೆ ಉರಿಯಿತು. ಹೌದು, ಹೊಟ್ಟೆಕಿಚ್ಚು. ಸತ್ತವಳ ಮೇಲೆ. ನನ್ನ ಕಡೆ ಒಂದು ದಿನವೂ ಅವರು ಹಾಗೆ ಕಾದವರಲ್ಲ. ಸಿಟ್ಟಿನಲ್ಲಿ, ಅಣಕಿಸಲೆಂದೇ, ಅಕ್ಕನ ಹಾಗೆ ಮೂಗಿನಲ್ಲಿ ಎಳೆದೆ — “ಇರೀ... ಬಂತು. ಶುಕ್ರ.”

ಸರಿ ಉತ್ತರ. ಒಂದು ಕ್ಷಣ ಮುಂಚೆ ನನಗೆ ಗೊತ್ತೇ ಇರಲಿಲ್ಲ.

ಕಪಾಳಕ್ಕೆ ಬೀಳುತ್ತದೆ ಅಂದುಕೊಂಡೆ. ಅಪ್ಪ ಅಮ್ಮನ ಗುಂಡಿ ಡಬ್ಬಿಯಿಂದ ಒಂದು ಗುಂಡಿ ತೆಗೆದು ಅಕ್ಕನ ಕುರ್ಚಿಯ ಮುಂದೆ ಇಟ್ಟರು. ಅಂಕ! ಅಮ್ಮ ನಕ್ಕಳು. ಈ ಮನೆಯಲ್ಲಿ ಯಾರಾದರೂ ನಕ್ಕು ಎಷ್ಟು ದಿನವಾಗಿತ್ತೋ. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ನಗು ಬಂತು. ಊಟ ಚೆನ್ನಾಗಿ ಸೇರಿತು ಎಲ್ಲರಿಗೂ.

ಜೂನ್ 9

ಇವತ್ತೂ ಕೇಳಿದರು. ಮಾಡಿದೆ.

ಜೂನ್ 16, ಸಂಜೆ

ಅಕ್ಕನ ಮುಂದೆ ಗುಂಡಿಗಳ ರಾಶಿ. ನನ್ನ ಮುಂದೆ ನಾಲ್ಕೋ ಐದೋ, ಅದೂ ಅಪ್ಪ ಪಾಪ ಅಂತ ಕೊಟ್ಟದ್ದು.

ವಿಚಿತ್ರ ಅಂದರೆ ಇದು. ಪ್ರಶ್ನೆ ನನಗೆ ಬಂದರೆ ತಲೆ ಕಲ್ಲು. ಅದೇ ಪ್ರಶ್ನೆ ಪಾಸ್ ಆಗಿ ಅವಳಿಗೆ ಹೋದರೆ, ಗಡಿಯಾರ ಮಗುಚುವ ಮೊದಲೇ ಗೊತ್ತು. ಮೂರು ಹೃದಯದ ಪ್ರಾಣಿ ಯಾವುದು, ಬಿಸಿಲಿಗೆ ಬಣ್ಣ ಬದಲಿಸುವ ಕನ್ನಡಕದ ಗಾಜಿನಲ್ಲಿ ಏನಿರುತ್ತದೆ, ಎಲ್ಲ. ನಾನು ಎಲ್ಲಿ ಓದಿದ್ದೆ ಇದನ್ನೆಲ್ಲ? ಅಕ್ಕ ಗಟ್ಟಿಯಾಗಿ ಓದುತ್ತಿದ್ದಳು, ಗೋಡೆಯ ಈಚೆ ನಾನು ಮಲಗಿ ಅವಳನ್ನು ಬೈಯುತ್ತಿದ್ದೆ. ಆಗ ಕಿವಿಗೆ ಬಿದ್ದಿರಬೇಕು. ಅಷ್ಟೇ. ಬೇರೆ ಏನಿರುತ್ತದೆ.

ಜೂನ್ 20, ಮಧ್ಯಾಹ್ನ

ಅಮ್ಮ ಅಕ್ಕನ ಸ್ಪರ್ಧೆಯ ಕೋಟು ನನಗೆ ತೊಡಿಸಿ ಅಳತೆ ನೋಡಿದಳು. ತೋಳು ಬೆರಳಿನ ತನಕ. ಊರಿಗೆಲ್ಲ ಹೊಲಿದು ಕೊಡುವವಳು, ಇದಕ್ಕೆ ಮಾತ್ರ ಕತ್ತರಿ ಹಾಕಲಿಲ್ಲ. ಬೆಳೆಯುತ್ತೀಯ ಬಿಡು ಅಂದಳು. ಫೈನಲ್ ಇನ್ನು ಮೂರು ವಾರ. ಅಷ್ಟರಲ್ಲಿ ಎಷ್ಟು ಬೆಳೆಯಲಿ?

ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳು. ಒಂದೊಂದಾಗಿ ತೆಗೆದಿಟ್ಟಳು. ನನ್ನ ಮುಖ ನೋಡಲಿಲ್ಲ.

“ಅವಳ ಹಾಗೆ ಒಂದ್ಸಲ ಅಮ್ಮಾ ಅನ್ನೇ.”

ಅಂದೆ. ಇನ್ನೊಂದ್ಸಲ ಅಂದಳು. ಮತ್ತೂ ಅಂದೆ. ನನ್ನ ಸೊಂಟ ಹಿಡಿದು ಹೊಟ್ಟೆಗೆ ಮುಖ ಒತ್ತಿಕೊಂಡಳು. ನಾನು ಅಲ್ಲಾಡದೆ ನಿಂತಿದ್ದೆ. ಸಂತೋಷವಾಯಿತು. ಆಮೇಲೆ, ಈ ಅಪ್ಪುಗೆ ನನಗೆ ಬಂದದ್ದಲ್ಲ ಅಂತ ಹೊಳೆಯಿತು.

ಜುಲೈ 1

ಶಾಲೆಯ ಕ್ವಿಜ್ ಸರ್ — ಮಾತಿಗೊಮ್ಮೆ ಕೆಮ್ಮುತ್ತಾರೆ, ನಮಗೆಲ್ಲ ಕೆಮ್ಮು ಸರ್ — ಇವತ್ತು ತಲೆ ಕೆರೆದುಕೊಂಡರು. ಪಾಸ್ ಆಗಿ ಬಂದ ಪ್ರಶ್ನೆಗೆ ಹುಲಿ, ನೇರ ಕೇಳಿದರೆ ಇಲಿ, ಇದೆಂಥ ರೋಗ ಮಾರಾಯ್ತಿ ಅಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. ಆಮೇಲೆ ಕಾರಿಡಾರಿನಲ್ಲಿ ನಿಲ್ಲಿಸಿ, ಮನೆಯಲ್ಲಿ ಎಲ್ಲ ಸರಿ ಇದೆಯಾ ಅಂತ ಕೇಳಿದರು. ಸರಿ ಇದೆ ಸರ್ ಅಂದೆ. ಕೆಮ್ಮಲೇ ಇಲ್ಲ ಅವರು. ನನ್ನ ಬಾಯನ್ನೇ ನೋಡುತ್ತಿದ್ದರು.

ಜುಲೈ 5, ಬೆಳಿಗ್ಗೆ

ಬಚ್ಚಲಿನಿಂದ ಟವೆಲ್ ಕೊಡಮ್ಮಾ ಅಂತ ಕೂಗಿದೆ. ಅಮ್ಮ ಓಡಿ ಬಂದಳು. ಬಾಗಿಲ ಹೊರಗೆ ನಿಂತಳು. ಟವೆಲ್ ಕೊಡಲಿಲ್ಲ. “ಯಾರದು?” ಅಂದಳು.

ಯಾರು ಅಂದರೆ! ನಾನು ಅಂದೆ. ಮತ್ತೆ ಯಾರಿರುತ್ತಾರೆ ಅಂದೆ. ಬಾಗಿಲು ತೆರೆದರೆ ಅಮ್ಮನ ಮುಖ ಸುಣ್ಣ.

ದೇವರಾಣೆ, ಆ ದನಿ ನಾನು ಬೇಕೆಂದು ಮಾಡಿದ್ದಲ್ಲ.

ಜುಲೈ 6

ಗೆಳತಿಗೆ ಫೋನ್ ಮಾಡಿದೆ. ಹಲೋ ಅಂದೆ. ಯಾರು ಮಾತಾಡೋದು ಅಂದಳು. ಇಟ್ಟುಬಿಟ್ಟೆ.

ಸಂಜೆ ಅಪ್ಪನಿಗೆ ಹೇಳಿದೆ, ಇನ್ನು ಅಕ್ಕನ ಸರದಿ ನಾನು ಆಡಲ್ಲ, ಹೆದರಿಕೆಯಾಗುತ್ತದೆ, ನನ್ನ ಪ್ರಶ್ನೆ ಮಾತ್ರ ನನಗೆ ಕೇಳಿ ಅಂತ. ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಗಿರಾಕಿಗಳಿಗೆ ಹಾಗೆ ಒರೆಸಬೇಡಿ ಅಂತ ದಿನಾ ಹೇಳುವವರು. ಗಾಜು ನೋಡುತ್ತಲೇ, ಫೈನಲ್ ಆಗಲಿ ಮರಿ, ಅಲ್ಲೀ ತನಕ ಅಷ್ಟೇ ಅಂದರು. ಅವಳಿಗೆ ಅದೊಂದು ಬಾಕಿ ಉಳಿದುಹೋಯಿತಲ್ಲ ಅಂದರು.

ಅವಳಿಗೆ.

ಅಮ್ಮ ಈ ಸಲ ಮೆಷಿನ್ ನಿಲ್ಲಿಸಲಿಲ್ಲ. ಅಪ್ಪ ಕುರ್ಚಿಯ ಕಡೆ ತಿರುಗಿದರು. ನಾನು ಉತ್ತರ ಹೇಳಿದೆ. ಹೇಳದೆ ಇರಲು ನೋಡಿದೆ, ಆಗಲಿಲ್ಲ.

ಜುಲೈ 12, ರಾತ್ರಿ ಊಟಕ್ಕೆ ಮೊದಲು

ಗೆದ್ದೆ. ಗೆದ್ದಳು. ಏನೋ ಒಂದು.

ದೊಡ್ಡ ಹಾಲ್. ಮೈಕು ಕೀಚುಗುಟ್ಟುತ್ತಿತ್ತು. ಮೊದಲ ಸುತ್ತಿನಲ್ಲಿ ನೇರ ಪ್ರಶ್ನೆಗಳು. ಪಾಸ್, ಪಾಸ್, ಮತ್ತೆ ಪಾಸ್. ಪಕ್ಕದ ಹುಡುಗ ನನ್ನ ಪ್ರಶ್ನೆಗಳನ್ನೇ ತಿಂದು ದಪ್ಪಗಾಗುತ್ತಿದ್ದ. ಕೆಳಗೆ ಅಪ್ಪ ಮುಂದಿನ ಸಾಲಿನಲ್ಲಿ. ನನ್ನನ್ನು ನೋಡುತ್ತಿರಲಿಲ್ಲ, ಸ್ವಲ್ಪ ಆಚೆ, ನನ್ನ ಭುಜದ ಹತ್ತಿರ ಯಾರೋ ನಿಂತಿರುವ ಹಾಗೆ ಅಲ್ಲಿ ನೋಡುತ್ತಿದ್ದರು. ಕಾಯುತ್ತಿದ್ದರು. ತಡೆಯಲಾಗಲಿಲ್ಲ. ಇರೀ... ಬಂತು.

ಆಮೇಲೆ ನಿಲ್ಲಲೇ ಇಲ್ಲ. ಪ್ರಶ್ನೆ ಅರ್ಧಕ್ಕೇ ಉತ್ತರ. ಚಪ್ಪಾಳೆ. ಅಪ್ಪ ಎದ್ದು ನಿಂತರು, ಅಳುತ್ತಿದ್ದರು, ಅಕ್ಕನನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು ಹಿಡಿದು ಕೂಗಿದರು. ಎಲ್ಲರೆದುರು. ನಾನು ಓ ಅಂದೆ. ಯೋಚಿಸದೆ ಅಂದುಬಿಟ್ಟೆ.

ಅಮ್ಮ ಎದ್ದು ಹೊರಗೆ ಹೋದಳು. ಬಹುಮಾನ ಕೊಡುವಾಗಲೂ ಒಳಗೆ ಬರಲಿಲ್ಲ.

ಜುಲೈ 13, ಬೆಳಿಗ್ಗೆ

ಅಪ್ಪ ಅಂಗಡಿಗೆ ಹೊರಟರು. ಮುಂದಿನ ಹಂತದ ಸ್ಪರ್ಧೆಯೂ ಇದೆಯಂತೆ, ಸಂಜೆಯಿಂದಲೇ ಶುರು ಮಾಡೋಣ ಅಂದರು. ಫೈನಲ್ ತನಕ ಅಷ್ಟೇ ಅಂದದ್ದು ಅವರಿಗೆ ನೆನಪೇ ಇಲ್ಲ.

ಅವರು ಹೋದ ಮೇಲೆ ಅಮ್ಮ ಬಂದು ನನ್ನ ಮಂಚದ ತುದಿಯಲ್ಲಿ ಕೂತಳು. ರಾತ್ರಿಯೆಲ್ಲ ಅತ್ತ ಮುಖ.

“ನಾನೇ ಕೇಳಿದ್ದು, ನಂದೇ ತಪ್ಪು. ಒಬ್ಳನ್ನ ಮಣ್ಣಿಗೆ ಕೊಟ್ಟೆ, ಇನ್ನೊಬ್ಳನ್ನ ಕಣ್ಮುಂದೆ ಕೂರಿಸ್ಕೊಂಡೇ ಕಳ್ಕೊಳ್ತಾ ಇದೀನಿ.”

ಹಾಗೆಲ್ಲ ಏನಿಲ್ಲ ಅನ್ನಲು ಹೋದೆ. ಅಮ್ಮ ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಮೆತ್ತಗೆ. ಆದರೆ ಇಟ್ಟಳು.

“ಅವಳ ಹಾಗೆ ಬೇಡ ಕಣೇ. ನಿನ್ನ ಹಾಗೆ ಮಾತಾಡು. ಮುಂಚೆ ಬೈತಿದ್ಯಲ್ಲ, ಹಾಗೆ ಬೈ ನನ್ನ. ನಿನ್ನ ದನಿ ಹೆಂಗಿತ್ತು ಅಂತಾನೇ ಮರ್ತುಹೋಗ್ತಾ ಇದೆ ನಂಗೆ.”

ಕೈ ತೆಗೆದಳು. ಕಾದಳು. ಅಮ್ಮ ನನಗಾಗಿ ಕಾಯುತ್ತಿದ್ದಾಳೆ, ನನಗೇ, ಬೇರೆ ಯಾರಿಗೂ ಅಲ್ಲ. ಇದೇ ತಾನೇ ನನಗೆ ಬೇಕಿದ್ದದ್ದು. ಬಾಯಿ ತೆರೆದರೆ ಯಾವ ದನಿ ಬರುತ್ತದೋ. ಒಂದು ನಿಮಿಷ ಅಂತ ಕೈಸನ್ನೆ ಮಾಡಿ, ಡೈರಿ ಎತ್ತಿಕೊಂಡು ಪಕ್ಕದ ಕೋಣೆಗೆ ಬಂದೆ. ಅಮ್ಮ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದಾಳೆ. ಬಳೆ ಸದ್ದು ಕೇಳುತ್ತಿದೆ.

ಮೊದಲು ಇಲ್ಲಿ ಬರೆದು ನೋಡುತ್ತೇನೆ, ನಾನು ಹೇಗೆ ಹೇಳುತ್ತಿದ್ದೆ ಅಂತ. ಆಮೇಲೆ ಗಟ್ಟಿಯಾಗಿ ಹೇಳುತ್ತೇನೆ. ಅಮ್ಮಾ, ನಾನು