ಅಪ್ಪನ ಪಕ್ಕದ ಕೆಸು

ಅಮ್ಮಾ,

ನಮ್ಮ ಮನೆಯಂಗಳದಲ್ಲಿ, ಅಪ್ಪನ ಗೋರಿಯ ಪಕ್ಕ ನಿನಗೆಂದು ಬಿಟ್ಟಿದ್ದ ಜಾಗದಲ್ಲಿ ನೀನು ನೆಟ್ಟ ಕೆಸು ಈಗ ಮೊಣಕಾಲೆತ್ತರ ಬಂದಿದೆ. ಈ ಪತ್ರವನ್ನು ನೀನು ಓದಲಾರೆ. ಬೆಳಿಗ್ಗೆ ಗೋರಿಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗ ನಾನೇ ಓದಿ ಹೇಳುತ್ತೇನೆ. ಮಧ್ಯಾಹ್ನದೊಳಗೆ ಮರೆಯುತ್ತೀ. ಮರುದಿನ ಮತ್ತೆ ಓದಿದರಾಯಿತು, ನಿನಗದು ಹೊಸ ಪತ್ರ.

ನೀನಲ್ಲಿ ಅಗೆಯುತ್ತಿದ್ದುದನ್ನು ಮೊದಲು ಕಂಡವಳು ಪಕ್ಕದ ಮನೆಯ ಅಕೆನೆಸೆ. "ಏನಕ್ಕಾ, ಅಷ್ಟು ಅವಸರಾನಾ? ನಿನ್ನ ಗುಂಡಿ ನೀನೇ ತೋಡ್ಕೊಳ್ತಿದೀಯಲ್ಲ!" ಎಂದು ಬೇಲಿಯಾಚೆಯಿಂದ ಕೂಗಿದಳು. "ನಿಂದೂ ತೋಡ್ಕೊಡ್ಲಾ? ಆ ಸೊಂಟಕ್ಕೆ ಅಗಲ ಜಾಸ್ತಿ ಬೇಕು" ಎಂದೆ ನೀನು. ಅವಳು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಸಮೋವಾದ ನಮ್ಮ ಸವಾಯಿ ದ್ವೀಪದಲ್ಲಿ ಯಾರ ಅಂಗಳದ ಗೋರಿಯ ಮೇಲೂ ಬಟ್ಟೆ ಒಣಗುತ್ತದೆ, ಮಕ್ಕಳು ಕುಣಿಯುತ್ತವೆ. ಆದರೆ ತನಗೇ ಕಾದಿಟ್ಟ ಜಾಗದಲ್ಲಿ ಕೆಸು ನೆಟ್ಟವರನ್ನು ನಾನು ಕಂಡಿರಲಿಲ್ಲ. ಅದು ಯಾರ ಜಾಗವೆಂಬುದೂ ನಿನಗೆ ಮರೆತುಹೋಯಿತೇ?

ಅದೇ ವಾರ ಅಣ್ಣ ಪೆಸಮಿನೋ ಆಕ್ಲೆಂಡಿನಿಂದ ಫೋನ್ ಮಾಡಿದ್ದ. "ಅಮ್ಮನ್ನ ಇಲ್ಲಿಗೆ ಕಳ್ಸು. ಮರೆವಿನ ಕಾಯಿಲೆಯೋರಿಗೇ ಅಂತ ಒಂದು ಮನೆ ಇದೆ, ನೋಡ್ಕೊಳ್ಳೋರೂ ಸಮೋವಾದೋರೇ. ನೀನೊಬ್ಬಳೇ ಎಷ್ಟು ದಿನ ಅಂತ?" ಅವನ ಮಾತು ತಪ್ಪೇನಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಮಾತ್ರ, "ಮೊದಲು ಅವರನ್ನೇ ಕೇಳಿ. ಮನಸ್ಸು ತಿಳಿಯಾಗಿರೋ ಬೆಳಿಗ್ಗೆ ನೋಡಿ, ಒಂದೊಂದೇ ಕೇಳಿ" ಎಂದಿದ್ದರು. ಒಂದು ಪ್ರಶ್ನೆಗೆ ಒಂದೇ ಸರಿಯುತ್ತರ ಎಂದು ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು ನಾನು. ನಿನ್ನನ್ನು ಕೇಳುವುದು ಬೇರೆಯೇ ವಿದ್ಯೆ.

"ಅಮ್ಮಾ, ಇದು ಯಾರ ಜಾಗ?"

"ನಂದು. ಇನ್ಯಾರ್ದು?"

"ಮತ್ತೆ ಕೆಸು?"

"ನಾನು ಬರೋ ತನಕ ಖಾಲಿ ಬಿಡ್ಬೇಕಾ? ಇಂಥಾ ಮಣ್ಣನ್ನ?"

ಸಂಜೆ ನೀನೇ, "ಗೋರಿ ಪಕ್ಕ ಕೆಸು ನೆಟ್ಟೋರ್ಯಾರೇ? ಬುದ್ಧಿ ಬೇಡ್ವಾ?" ಎಂದು ನನ್ನನ್ನು ಬೈದೆ. ಬೆಳಗಿನ ನೀನು, ಸಂಜೆಯ ನೀನು, ಇಬ್ಬರಲ್ಲಿ ಯಾರನ್ನು ನಂಬಲಿ? ಮತ್ತೆ ಮತ್ತೆ, ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾ ಹೋದೆ. ಒಂದು ಬೆಳಿಗ್ಗೆ ನಾನು ನಿನಗೆ ಮಗಳಾಗಿದ್ದೆ, ಇನ್ನೊಂದು ಬೆಳಿಗ್ಗೆ ಸತ್ತುಹೋದ ಚಿಕ್ಕಮ್ಮನಾಗಿದ್ದೆ. ವಿಚಿತ್ರವೆಂದರೆ, ಬೆಳಗಿನ ನಿನ್ನ ಉತ್ತರ ಮಾತ್ರ ಬದಲಾಗಲಿಲ್ಲ.

ಆಕ್ಲೆಂಡಿನ ಮಾತೆತ್ತಿದಾಗ, "ಅಲ್ಲಿ ಸತ್ರೆ ಎಲ್ಲಿಡ್ತಾರೆ?" ಎಂದೆ ನೀನು. ಊರಾಚೆ, ಕಾರಿನಲ್ಲಿ ಹೋಗಬೇಕು ಎಂದೆ ನಾನು. "ಸತ್ತೋರನ್ನ ನೋಡೋಕೆ ಕಾರಾ!" ಚಹಾ ಚೆಲ್ಲುವಷ್ಟು ನಕ್ಕೆ ನೀನು.

ಕೊನೆಯ ಪ್ರಶ್ನೆಯನ್ನು ಬಹಳ ದಿನ ಮುಂದೂಡಿದೆ. ನುಂಗಲಾಗದ ದಿನ ಬಂದರೆ, ಮೂಗಿಗೆ ನಳಿಗೆ ಹಾಕಿ ಊಟ ಕೊಡಬಹುದಂತೆ, ಬೇಕಾ? ನೀನು ಕೆಸುವಿನೆಲೆಯ ಮೇಲಿನ ನೀರಹನಿಯನ್ನು ಬೆರಳಿನಿಂದ ಉರುಳಿಸುತ್ತಿದ್ದೆ. ಕೇಳಿಸಲಿಲ್ಲವೇನೋ ಅಂದುಕೊಂಡೆ. "ನಳಿಗೆ ಬೇಡ. ನೀನು ನನ್ನ ಪಕ್ಕ ಕೂತು ಉಣ್ಣು. ನಂಗೆ ವಾಸನೆ ಸಾಕು" ಎಂದೆ ನೀನು.

ನಿನ್ನೆ ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಅವನು, "ಕೆಸು ಹೇಗೆ ಬಂದಿದೆ?" ಎಂದು ಕೇಳಿದ. ಕ್ರಿಸ್‌ಮಸ್ಸಿಗೆ ರಜೆ ಹಾಕಿ ಬರುತ್ತಾನಂತೆ. ನಿನ್ನನ್ನು ಕರೆದೊಯ್ಯುವ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಣ್ಣಿನೊಳಗೆ ಗೆಡ್ಡೆ ಎಷ್ಟು ದಪ್ಪಗಾಗಿದೆಯೋ ಎಂದು ದಿನವೂ ಕೆದಕಿ ನೋಡುವ ಆಸೆಯಾಗುತ್ತದೆ, ಕೈ ಹಿಂದೆಳೆದುಕೊಳ್ಳುತ್ತೇನೆ. ಅದು ಬಲಿಯುವ ಮೊದಲೇ ನೀನು ಹೊರಟರೆ ಏನು ಮಾಡಲೆಂದೂ ಕೇಳಿದ್ದೆನಲ್ಲ. "ಕಿತ್ತು ಬೇಯ್ಸಿ, ಬಂದೋರಿಗೆ ಬಡ್ಸು. ತೆಂಗಿನಹಾಲಿಗೆ ಜಿಪುಣತನ ಮಾಡ್ಬೇಡ."

ಮಾಡುವುದಿಲ್ಲ.

ನಿನ್ನ ಕೆಸು ನಿಧಾನವಾಗಿ, ಬಹಳ ನಿಧಾನವಾಗಿ ಬಲಿಯಲಿ.

ನಾಳೆ ಬೆಳಿಗ್ಗೆ ನೀನು ಯಾರೆಂದು ಕರೆದರೂ ಓಗೊಡುವ,
ನಿನ್ನ ಸಿನಲೇಯಿ